ಕುಣಿಗಲ್‌ವರೆಗೆ ಕರ್ತನ ಭೋಜನ

ತೊಂಬತ್ತರ ದಶಕದ ಕೊನೆಯ ಒಂದು ಏಪ್ರಿಲ್. ಬೆಳಗ್ಗೆ ಏಳಕ್ಕೇ ಅಯ್ಯನವರು ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ನಮ್ಮ ಚರ್ಚಿನ ಪಾದ್ರಿಗಳನ್ನು ನಾವೆಲ್ಲ ಅಯ್ಯನವರು ಎನ್ನುವುದು. ಮನೆ ಬಿಟ್ಟು ಬರಲಾಗದ ಹಿರಿಯರಿಗೆ ತಿಂಗಳಿಗೊಮ್ಮೆ ಕರ್ತನ ಭೋಜನ, ಅಂದರೆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ, ಕೊಂಡೊಯ್ದು ಕೊಡುವುದು ಅವರ ಕೆಲಸ. ಚೀಲ ಹೊರುವುದು ನನ್ನದು. ಮೇಷ್ಟ್ರಾಗಿ ನಿವೃತ್ತನಾದ ಮೇಲೆ ನನಗೆ ಸಿಕ್ಕ ಬಡ್ತಿ ಇದೊಂದೇ.

ಮೊದಲು ಗುಬ್ಬಿ. ಮುಕ್ಕಾಲು ಗಂಟೆಯ ದಾರಿ. ಇಳಿದು ತಟ್ಟೆ ಇಡ್ಲಿ ತಿಂದು ಸ್ಯಾಮುಯೆಲಪ್ಪನವರ ಮನೆಗೆ ಹೋದೆವು. ಕಣ್ಣು ಪೂರ್ತಿ ಹೋಗಿದೆ, ಕಿವಿ ಮಾತ್ರ ಚುರುಕು. ಕೀರ್ತನೆಯಲ್ಲಿ ನಾನೊಂದು ಸಾಲು ನುಂಗಿದ್ದಕ್ಕೆ ತಡೆದು ನಿಲ್ಲಿಸಿ, ಮೊದಲಿನಿಂದ ಹಾಡಿಸಿದರು. ಧೈರ್ಯ ಹೇಳಲು ಹೋದವನು ಪಾಠ ಹೇಳಿಸಿಕೊಂಡು ಸಂತೋಷವಾಗಿ ಬಂದೆ.

ತುಮಕೂರಿಗೆ ವಾಪಸಾಗಿ ಕುಣಿಗಲ್ ಬಸ್ ಹಿಡಿದಾಗ ಬಿಸಿಲು ಏರಿತ್ತು. ಹೆಬ್ಬೂರಿನಲ್ಲಿ ಸೌತೆಕಾಯಿ ಕೊಂಡೆವು. ಅಯ್ಯನವರು ತಿನ್ನದೆ ಕೈಯಲ್ಲೇ ಹಿಡಿದು ಕೂತಿದ್ದರು. ಅವರಿಗೆ ಕುಣಿಗಲ್ಲಿನ ಕರುಣಮ್ಮನದೇ ಚಿಂತೆ.

ಎಂಬತ್ತು ದಾಟಿದ ಕರುಣಮ್ಮ ಸೊಂಟದ ಮೂಳೆ ಮುರಿದು ವರ್ಷದಿಂದ ಮಂಚ ಹಿಡಿದಿದ್ದರು. ಮಗಳು ಲೀಲಾ ನೋಡಿಕೊಳ್ಳುತ್ತಿದ್ದಳು. ನಾವು ಪ್ರತಿ ಸಲ ಹೋದಾಗಲೂ ಆಕೆ ಮಾತಾಡುವರು, ಪ್ರಾರ್ಥನೆಗೆ ಕಣ್ಣು ಮುಚ್ಚುವರು, ರೊಟ್ಟಿ ಮಾತ್ರ ಬೇಡವೆನ್ನುವರು. ನಮ್ಮಲ್ಲಿ ಅದನ್ನು ಮಂಡಿಯೂರಿ ತೆಗೆದುಕೊಳ್ಳುವುದು ರೂಢಿ. ಕರ್ತನ ಭೋಜನವಿಲ್ಲದೆಯೇ ಕಣ್ಣು ಮುಚ್ಚಿಬಿಡುತ್ತೇನೇನೋ ಎಂದು ಅಮ್ಮ ದಿನಾ ಅಳುತ್ತಾಳೆ ಎಂದು ಲೀಲಾ ಆ ದಿನ ಬಾಗಿಲಲ್ಲೇ ಹೇಳಿದಳು.

"ಬಿದ್ಕೊಂಡು ದೇವರ ಊಟ ತಗೊಳ್ಳೋದಾ ಅಯ್ಯನೋರೆ? ಮಂಡಿ ಊರ್ದೆ ಒಂದಿನಾನೂ ತಗೊಂಡವಳಲ್ಲ ನಾನು," ಎಂದರು ಕರುಣಮ್ಮ.

ಕಾಯಿಲೆಯವರಿಗೆ ಆ ಕಟ್ಟಳೆ ಇಲ್ಲವೆಂದು ಅಯ್ಯನವರು ಹೇಳಿದರು. ನಾನೂ ಮೇಷ್ಟ್ರ ಗತ್ತಿನಲ್ಲಿ ನಾಲ್ಕು ಮಾತು ಸೇರಿಸಿದೆ. ಆಕೆ ಗೋಡೆಯ ಕಡೆ ಮುಖ ತಿರುಗಿಸಿದರು. ಆಮೇಲೆ ಅಯ್ಯನವರು ಏನೂ ವಾದಿಸದೆ ಮಂಚದ ಪಕ್ಕ ಬರಿ ನೆಲದ ಮೇಲೆ ಮಂಡಿಯೂರಿದರು.

"ನಿಮ್ಮ ಬದಲು ನಾನು ಊರಿದೀನಿ ಕಣಮ್ಮ. ಈಗ ತಗೊಳ್ಳಿ."

ಕರುಣಮ್ಮ ಗೋಡೆಯಿಂದ ಈ ಕಡೆ ಮುಖ ತಿರುಗಿಸಿದರು. ಆಮೇಲೆ ಎರಡೂ ಅಂಗೈ ಜೋಡಿಸಿ ಚಾಚಿದರು. ನನಗೆ ಅಳು ಬಂತು, ಮುಚ್ಚಿಡಲೂ ಹೋಗಲಿಲ್ಲ.

ಪ್ರಾರ್ಥನೆ ಮುಗಿದರೂ ಅಯ್ಯನವರು ಏಳಲಿಲ್ಲ. ಮಂಡಿ ಹಿಡಿದುಕೊಂಡಿತ್ತು. ನಾನು ಎತ್ತಲು ಹೋದರೆ ಕರುಣಮ್ಮ ನನ್ನನ್ನು ತಡೆದು ತಾವೇ ಕೈ ನೀಡಿದರು. ಅಯ್ಯನವರು ಎದ್ದದ್ದು ಮಂಚದ ಕಾಲಿನ ಆಸರೆಯಿಂದಲೇ, ಆದರೆ ಆ ಕೈಯನ್ನು ಬಿಡಲಿಲ್ಲ.

ಕಾಫಿ ಕುಡಿದು ಹೊರಟೆವು. ಗೇಟಿನ ಬಳಿ ಚಪ್ಪಲಿ ಹಾಕಿಕೊಳ್ಳುತ್ತ ತಿರುಗಿ ನೋಡಿದೆ. ಕಿಟಕಿಯಲ್ಲಿ ಕರುಣಮ್ಮನ ಮುಖ ಕಾಣಲಿಲ್ಲ, ಮಾತು ಮಾತ್ರ ಕೇಳಿತು.

"ಅಯ್ಯನೋರಿಗೂ ವಯಸ್ಸಾಯ್ತು ಕಣೇ ಲೀಲಾ. ಮುಂದಿನ ತಿಂಗಳು ಬಂದಾಗ ಮಂಡಿಗೊಂದು ದಿಂಬು ಹಾಕ್ಕೊಡು."