ಕುರಿ ಕೊಂಡವರದಾಗುವುದು ಯಾವಾಗ

ಒಂಬತ್ತನೆಯ ಕಲಮಿಗೆ ಬಂದಾಗ ಮೇಜಿನ ತುದಿಯಲ್ಲಿ ಕೂತಿದ್ದ ಮುದುಕ ಕೈ ಎತ್ತಿದ.

ಅದುವರೆಗೆ ಸಭೆ ಸುಸೂತ್ರವಾಗಿಯೇ ನಡೆದಿತ್ತು. ಅದು ಯಾವ ದೇಶ ಎಂದು ಮಲ್ಲೇಶ್ವರಿ ಯಾರಿಗೂ ಹೇಳುವಂತಿಲ್ಲ, ಹಾಗೆಂದು ಬರೆದುಕೊಟ್ಟಿದ್ದಾಳೆ. ಆಫ್ರಿಕಾದ ಪೂರ್ವಭಾಗದ ಸಣ್ಣ ದೇಶ, ಅಲ್ಲಿ ಜನಕ್ಕಿಂತ ಕುರಿಮೇಕೆಗಳೇ ಹೆಚ್ಚು ಎಂದಷ್ಟು ಹೇಳುತ್ತಾಳೆ. ಅಲ್ಲಿನ ಸರ್ಕಾರ ತನ್ನ ಹಳೆಯ ವ್ಯಾಪಾರ ಕಾನೂನುಗಳನ್ನು ಹೊಸದಾಗಿ ಬರೆಯಲು ನಮ್ಮ ಸರ್ಕಾರದ ನೆರವು ಕೇಳಿತ್ತು. ದಿಲ್ಲಿಯ ಕಾನೂನು ಸಚಿವಾಲಯದಲ್ಲಿ ಹದಿಮೂರು ವರ್ಷದಿಂದ ಕೆಲಸ ಮಾಡುತ್ತಿದ್ದ ಮಲ್ಲೇಶ್ವರಿಯನ್ನು ಆ ಕೆಲಸಕ್ಕೆ ಕಳಿಸಿದ್ದರು.

ಅವಳು ಬರೆದ ಒಂಬತ್ತನೆಯ ಕಲಂ ಹೇಳುತ್ತಿದ್ದದ್ದು ಸರಳ ಸಂಗತಿ. ಮಾರುವವರೂ ಕೊಳ್ಳುವವರೂ ಇಂಥದೇ ವಸ್ತು ಎಂದು ಗೊತ್ತುಮಾಡಿ ಒಪ್ಪಿದರೆ, ಒಪ್ಪಿದ ಗಳಿಗೆಯಿಂದ ಅದು ಕೊಂಡವರದು. ಇನ್ನೂ ಮಾರಿದವರ ಮನೆಯಲ್ಲೇ ಇದ್ದರೂ ಸರಿ, ಆಮೇಲೆ ಕೆಟ್ಟರೆ, ಸತ್ತರೆ ನಷ್ಟ ಕೊಂಡವರಿಗೆ. ನಮ್ಮ ಕಾನೂನೂ ಹೆಚ್ಚುಕಡಿಮೆ ಹೀಗೇ ಇದೆ. ಅವಳು ಅದನ್ನು ಹೆಚ್ಚು ಯೋಚಿಸದೆ ಬರೆದಿದ್ದಳು.

ಮುದುಕ ಕುರಿಗಾಹಿಗಳ ಸಂಘದಿಂದ ಬಂದವನು. ಅವನ ಮಾತನ್ನು ದುಭಾಷಿ ತಿಳಿಸಿದ. "ಇದನ್ನು ಬರೆದವರು ಯಾವತ್ತಾದರೂ ಒಂದು ಕುರಿ ಕೊಂಡಿದ್ದಾರೆಯೇ ಅಂತ ಕೇಳುತ್ತಿದ್ದಾರೆ."

ಕೋಣೆಯಲ್ಲಿ ಕೆಲವರು ನಕ್ಕರು. ಮಲ್ಲೇಶ್ವರಿ ನಗಲಿಲ್ಲ. ಅವಳು ಹುಟ್ಟಿದ್ದು ದೇವದುರ್ಗದ ಹತ್ತಿರದ ಹಳ್ಳಿಯಲ್ಲಿ, ಎಂಬತ್ತು ಕುರಿಗಳಿದ್ದ ಮನೆಯಲ್ಲಿ. ಆದರೆ ಹತ್ತನೇ ವಯಸ್ಸಿಗೆ ರಾಯಚೂರಿನ ಹಾಸ್ಟೆಲ್ಲಿಗೆ ಬಂದಳು. ಅಲ್ಲೇ ಕಾನೂನು ಓದಿದಳು, ಮಾನ್ವಿಯ ಕೋರ್ಟಿನಲ್ಲಿ ಐದು ವರ್ಷ ಕರಿಕೋಟು ಹಾಕಿದಳು, ಪರೀಕ್ಷೆ ಬರೆದು ದಿಲ್ಲಿಗೆ ಹೋದಳು. ಕುರಿ ಮೇಯಿಸಿದ್ದು ನೆನಪಿತ್ತು. ಕೊಂಡದ್ದು, ಮಾರಿದ್ದು ಇರಲಿಲ್ಲ.

"ಇಲ್ಲ," ಎಂದಳು. "ನಿಮ್ಮಲ್ಲಿ ಹೇಗೆ ಮಾಡುತ್ತೀರಿ?"

ಮುದುಕ ಹೆಗಲು ಕುಣಿಸಿದ. "ಕೂತಲ್ಲೇ ಹೇಳಿದರೆ ತಿಳಿಯುವುದಿಲ್ಲ. ಸಂತೆಗೆ ಬಂದು ನೋಡಿ."

ಆದರೆ ರಾಜಧಾನಿ ಬಿಟ್ಟು ಹೊರಗೆ ಹೋಗಲು ಅವಳಿಗೆ ಅಪ್ಪಣೆ ಇರಲಿಲ್ಲ. ಮುಂದಿನ ಸಭೆ ಐದು ವಾರಕ್ಕೆ ಎಂದು ಗೊತ್ತಾಯಿತು. ದಿಲ್ಲಿಗೆ ಮರಳಿದ ಮೇಲೂ ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಆ ಮುದುಕನ ಸಂತೆ ದೂರವಾದರೇನಾಯಿತು, ತನ್ನೂರಿನ ಸಂತೆ ಇದೆಯಲ್ಲ? ಹತ್ತು ದಿನ ರಜೆ ಹಾಕಿ ರಾಯಚೂರಿನ ರೈಲು ಹತ್ತಿದಳು.

ರಾಯಚೂರಿನಲ್ಲಿ ಅವಳ ತಮ್ಮ ಸಿದ್ರಾಮ ಹೈಸ್ಕೂಲು ಮಾಸ್ತರ. ತಾಯಿ ಆದೆಮ್ಮ ಅವನ ಜೊತೆಗಿದ್ದಾಳೆ. ಮಗಳ ಕೆಲಸ ಏನು ಎಂಬುದು ಆದೆಮ್ಮನಿಗೆ ಎಂದೂ ಪೂರ್ತಿ ಬಗೆಹರಿದದ್ದಿಲ್ಲ. ರೊಟ್ಟಿ ಬಡಿಯುತ್ತ ಮತ್ತೆ ಕೇಳಿದಳು.

"ಅಲ್ಲಬೇ, ಬ್ಯಾರೆ ದೇಶದ ಮಂದಿಗೆ ಕಾನೂನು ಹೇಳಾಕ ಹೋಗ್ತೀನಿ ಅಂತಿ. ಅವ್ರಿಗೇನು ಅವರವು ಇರಂಗಿಲ್ಲೇನು?"

"ಇರ್ತಾವವ್ವ. ಹಳೇವು ಆಗ್ಯಾವ."

"ಹಳೇವು ಆದ್ರ ಎಲ್ಲಿ ಹರದದ ಅಂತ ಉಟ್ಟವ್ರಿಗೆ ಗೊತ್ತಿರ್ತದ. ನೋಡಲಾರದ ನೀ ಹೆಂಗ ಹೊಲಿತಿ?"

"ಅದಕ್ಕ ಬಂದೀನಿ," ಎಂದು ಮಲ್ಲೇಶ್ವರಿ ನಕ್ಕಳು.

ಮರುದಿನ ಮಾನ್ವಿಗೆ ಹೋದಳು. ಅವಳಿಗೆ ವಕೀಲಿ ಕಲಿಸಿದ ಉಮ್ಮೇ ಕುಲ್ಸುಮ್ ಮೇಡಂ ಕೋರ್ಟಿನ ಹಿಂದಿನ ಓಣಿಯಲ್ಲಿದ್ದಾರೆ. ಎಪ್ಪತ್ತು ದಾಟಿದೆ, ಕೋರ್ಟಿಗೆ ಹೋಗುವುದು ಬಿಟ್ಟಿದ್ದಾರೆ, ಆದರೆ ಹಳೆಯ ಫೈಲುಗಳನ್ನು ಮನೆಯ ಒಂದು ಗೋಡೆ ತುಂಬ ಇಟ್ಟುಕೊಂಡಿದ್ದಾರೆ. ಪ್ರಶ್ನೆ ಕೇಳಿದ ಕೂಡಲೆ ಅವರ ಕಣ್ಣು ಮಿಂಚಿತು.

"ಅರೆ, ಟಗರಿನ ಮುಕದ್ದಮೆ ಯಾದ್ ಇಲ್ಲೇನು ನಿನಗ? ನೀನೇ ಫೈಲ್ ಹೊತ್ಕೊಂಡು ಬರ್ತಿದ್ದಿ."

ಆಗ ನೆನಪಾಯಿತು. ಒಬ್ಬ ಟಗರು ಮಾರಿದ್ದ. ಕೊಂಡವನು ಹಣ ಕೊಟ್ಟು, ನಾಳೆ ಒಯ್ಯುತ್ತೇನೆಂದು ಅವನ ದೊಡ್ಡಿಯಲ್ಲೇ ಬಿಟ್ಟು ಹೋದ. ಬೆಳಗಾಗುವಷ್ಟರಲ್ಲಿ ಟಗರು ಸತ್ತಿತ್ತು. ಮೇಡಂ ಮಾರಿದವನ ಪರ ವಾದಿಸಿದರು. ಮಾತು ಮುಗಿದಿತ್ತು, ಹಾಗಾಗಿ ಟಗರು ಕೊಂಡವನದು, ನಷ್ಟವೂ ಅವನದೇ ಎಂದು ಕೋರ್ಟು ತೀರ್ಪು ಕೊಟ್ಟಿತ್ತು.

"ಗೆದ್ವಿ. ಆದ್ರ ಆಮ್ಯಾಲ ಏನಾತು ಅಂತ ನಿನಗ ಗೊತ್ತಿಲ್ಲ, ನೀ ದಿಲ್ಲಿಗೆ ಹೋಗಿದ್ದಿ," ಎಂದರು ಮೇಡಂ. "ಗೆದ್ದವ ಸೋತವ್ನ ಮನಿಗೆ ಹೋಗಿ ಇನ್ನೊಂದು ಟಗರು ಕಟ್ಟಿ ಬಂದ."

"ಗೆದ್ದವ್ನೇ? ಯಾಕ ಮೇಡಂ?"

"ನಾನೂ ಕೇಳಿದೆ. ‘ಅವ ಬಣ್ಣ ಹಚ್ಚಿದ್ದಿಲ್ರೀ ಮೇಡಂ’ ಅಂದ. ಅಷ್ಟ. ಅದೇನು ಬಣ್ಣ, ಏನು ಕಥಿ, ನಾ ಮುಂದ ಕೇಳಲಿಲ್ಲ. ಹಾಗಿದ್ರ ಮುಕದ್ದಮೆ ಯಾಕ ಹಾಕಿದ್ರೋ ಮಾರಾಯ ಅಂತ ಸಿಟ್ಟು ಬಂದಿತ್ತು. ಕೇಳಬೇಕಿತ್ತು ಬೇಟಾ."

ಮಲ್ಲೇಶ್ವರಿ ‘ಬಣ್ಣ’ ಎಂದು ಪುಸ್ತಕದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಳು. ಮಾನ್ವಿಯಿಂದ ಸಿರವಾರಕ್ಕೆ ಬಂದು, ಅಲ್ಲಿ ಬಸ್ಸು ಬದಲಿಸಿ ದೇವದುರ್ಗಕ್ಕೆ ಹೋಗುವವರೆಗೂ ಅವಳ ತಲೆಯಲ್ಲಿ ಅದೊಂದೇ ಮಾತು. ಗೆದ್ದ ಮನುಷ್ಯ ತನ್ನ ಗೆಲುವನ್ನು ಯಾಕೆ ತಿರುಗಿ ಕೊಟ್ಟ? ಕೋರ್ಟಿಗೆ ಕಾಣದ್ದು ಅವನಿಗೆ ಏನು ಕಂಡಿತ್ತು?

ದೇವದುರ್ಗದಲ್ಲಿ ಕಾಕಾ ಜಂಬಣ್ಣನಿದ್ದಾನೆ, ಅವಳ ಅಪ್ಪನ ತಮ್ಮ. ಈಗಲೂ ಅರವತ್ತು ಕುರಿ ಕಾಯುತ್ತಾನೆ. ಬಣ್ಣದ ಮಾತು ಕೇಳಿ ಅವನು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದ.

"ಇಷ್ಟು ಓದೀದಿ, ಇದು ಗೊತ್ತಿಲ್ಲೇನು ನಿನಗ?"

"ಹೇಳು ಕಾಕಾ."

"ಹೇಳಂಗಿಲ್ಲ. ನಾಳಿ ಸಂತಿ ಅದ, ಬಾ. ಒಂದು ಕುರಿ ತಗೋ. ತಾನ ತಿಳೀತದ."

ಮರುದಿನ ಬೆಳಗ್ಗೆ ಕುರಿ ಸಂತೆಯಲ್ಲಿ ಅವಳು ಮೊದಲು ಪುಸ್ತಕ ಹಿಡಿದು ಅವರಿವರನ್ನು ಕೇಳುತ್ತ ಅಡ್ಡಾಡಿದಳು. ಕುರಿ ಕೊಂಡವರದಾಗುವುದು ಯಾವಾಗ? ಕೈಮ್ಯಾಲೆ ಕೈ ಹೊಡೆದಾಗ ಎಂದ ಒಬ್ಬ. ಟವೆಲ್ಲು ತೆಗೆದಾಗ ಎಂದ ಇನ್ನೊಬ್ಬ ದಲ್ಲಾಳಿ. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳನ್ನೊಬ್ಬರು ಹಿಡಿದು ತಿಳಿಸುತ್ತಾರೆ. ಮೂರನೆಯವನು ಉತ್ತರ ಕೊಡದೆ, "ನೀವು ಯಾವ ಆಫೀಸಿನವ್ರಿ?" ಎಂದು ಕೇಳಿ, ತನ್ನ ಮೂರು ಮರಿಗಳನ್ನು ಎಳೆದುಕೊಂಡು ಹೋಗಿಬಿಟ್ಟ.

"ಆ ಪುಸ್ತಕ ಒಳಗಿಡು ಮೊದ್ಲ," ಎಂದು ಜಂಬಣ್ಣ ಗದರಿದ. ಅವಳನ್ನು ಗದ್ದೆಮ್ಮ ಎಂಬ ಹೆಂಗಸಿನ ಹತ್ತಿರ ಕರೆದುಕೊಂಡು ಹೋದ. ಐವತ್ತರ ಆಸುಪಾಸಿನ ಗದ್ದೆಮ್ಮ ನಾಲ್ಕು ಕುರಿ ಕಟ್ಟಿಕೊಂಡು ಕೂತಿದ್ದಳು. ಮಲ್ಲೇಶ್ವರಿ ಕರಿಮುಖದ ಒಂದು ಕುರಿ ತೋರಿಸಿದಳು. ಗದ್ದೆಮ್ಮ ಟವೆಲ್ಲು ಹಾಸಿ ಕೈ ಚಾಚಿದಳು.

"ಹೆಣಮಕ್ಕಳೂ ಟವೆಲ್ಲಿನಾಗ ಕೈ ಹಾಕಾಕತ್ತಿರೇನು?" ಎಂದು ಪಕ್ಕದಿಂದ ಯಾರೋ ಒಬ್ಬ ಚೇಷ್ಟೆ ಮಾಡಿದ.

"ಯಾಕ, ನಮಗ ಬೆರಳಿಲ್ಲೇನು?" ಎಂದಳು ಗದ್ದೆಮ್ಮ ಅತ್ತ ನೋಡದೆ.

ಟವೆಲ್ಲಿನ ಕೆಳಗೆ ಒರಟು ಕೈಯೊಂದು ಮಲ್ಲೇಶ್ವರಿಯ ಬೆರಳುಗಳನ್ನು ಹಿಡಿಯಿತು, ಒಂದನ್ನು ಬಿಟ್ಟಿತು, ಮತ್ತೆ ಹಿಡಿಯಿತು. ಕಾಕಾ ದಾರಿಯಲ್ಲಿ ಹೇಳಿಕೊಟ್ಟಂತೆ ಅವಳು ಒಂದು ಬೆರಳು ಹಿಂದಕ್ಕೆಳೆದುಕೊಂಡಳು. ಗದ್ದೆಮ್ಮ ತಲೆ ಅಲ್ಲಾಡಿಸಿದಳು. ಹೀಗೆ ನಾಲ್ಕೈದು ಸಲ ನಡೆದು, ಕೊನೆಗೆ ಇಬ್ಬರೂ ಒಪ್ಪಿ ಕೈ ಹೊರಗೆ ತೆಗೆದರು. ಮಲ್ಲೇಶ್ವರಿ ಒಳಗೇ ಲೆಕ್ಕ ಹಾಕಿದಳು: ಕಾನೂನಿನ ಪ್ರಕಾರ ಈ ಗಳಿಗೆಯಿಂದ ಕುರಿ ನನ್ನದು.

ಗದ್ದೆಮ್ಮ ತೆಂಗಿನ ಚಿಪ್ಪಿನಲ್ಲಿ ಕಲಸಿಟ್ಟಿದ್ದ ಕೆಮ್ಮಣ್ಣನ್ನು ಮುಂದೆ ಸರಿಸಿದಳು. "ನಿನ್ನ ಗುರುತು ಹಚ್ಚಿಕೋ ಯವ್ವಾ."

ಇದೇ ಬಣ್ಣ. ಮಲ್ಲೇಶ್ವರಿ ಕೇಳಿದಳು. "ಹಚ್ಚಲಿಲ್ಲಂದ್ರ?"

"ಹಚ್ಚೋತನ ಅದು ನಂದ. ಈಗ ಅದು ಸತ್ರ ನಾ ನಿನ್ನ ಕೇಳಂಗಿಲ್ಲ. ಹಚ್ಚಿದ ಮ್ಯಾಲೆ ಸತ್ರ ನೀ ನನ್ನ ಕೇಳಂಗಿಲ್ಲ."

ಮಲ್ಲೇಶ್ವರಿ ಎರಡು ಬೆರಳು ಅದ್ದಿ ಕುರಿಯ ಬೆನ್ನಿನತ್ತ ಚಾಚಿದಳು. ಗದ್ದೆಮ್ಮ ಪಟ್ಟನೆ ಅವಳ ಮಣಿಕಟ್ಟು ಹಿಡಿದಳು.

"ಗ್ವಾಡಿಗೆ ಸುಣ್ಣ ಬಳಿಯಾಕತ್ತಿಯೇನು? ಮೊದ್ಲ ಮೈ ಮುಟ್ಟಿ ನೋಡು. ಕಿವಿ ಬಿಸಿ ಅದ ಏನು ನೋಡು. ಬಾಯಿ ತೆಗಿ. ಹೊಟ್ಟಿ ಕೆಳಗ ಕೈ ಹಾಕು. ಕಾಲು ಎತ್ತು."

ಅವಳು ಹೇಳಿದಂತೆಲ್ಲ ಮಾಡಿದಳು. ಹತ್ತು ವರ್ಷದ ಹುಡುಗಿಯಾಗಿದ್ದಾಗ ಗೊತ್ತಿದ್ದ ಉಣ್ಣೆಯ ಜಿಡ್ಡು, ಅದರ ವಾಸನೆ ಕೈಗೆ ಮತ್ತೆ ಹತ್ತಿತು. ಹಿಂದಿನ ಎಡಗಾಲು ಎತ್ತಿದಾಗ ಕುರಿ ಕೊಸರಿತು. ಗೊರಸಿನ ಸಂದಿ ಬಿಸಿಯಾಗಿತ್ತು, ಕೆಂಪಾಗಿ ಬಾತಿತ್ತು.

"ಇದಕ್ಕ ಕಾಲು ನೋವದ," ಎಂದಳು.

"ಹೂಂ, ಅದ," ಎಂದಳು ಗದ್ದೆಮ್ಮ ನಿರಾಳವಾಗಿ. "ನಾ ಹೇಳಂಗಿಲ್ಲ, ನೀ ಹುಡುಕಬೇಕು. ಈಗ ಬ್ಯಾಡ ಅಂದ್ರ ಬ್ಯಾಡ. ಮಾತು ಮುರದಂಗಲ್ಲ. ಆ ಕಡಿ ಇರೋದು ನೋಡು, ಅದು ಛಲೋ ಅದ."

ಮಲ್ಲೇಶ್ವರಿಗೆ ಟಗರಿನ ಮುಕದ್ದಮೆ ಗೆದ್ದವನ ಮಾತು ಅರ್ಥವಾಯಿತು. ಬಣ್ಣ ಎಂದರೆ ಬರೀ ಗುರುತಲ್ಲ. ಕೊಳ್ಳುವವನು ತನ್ನ ಕೈಯಿಂದ ಮೈಯೆಲ್ಲ ಮುಟ್ಟಿ ನೋಡಿದ್ದೇನೆ, ಇನ್ನು ಇದು ನನ್ನ ಪಾಲಿಗೆ ಎಂದು ನಾಲ್ಕು ಜನರ ಎದುರು ಒಪ್ಪಿಕೊಳ್ಳುವುದು. ಆ ಕೊಂಡವನು ಮುಟ್ಟಿ ನೋಡದೆ ಹೋಗಿದ್ದ. ಹಾಗಾಗಿ ಕೋರ್ಟು ಏನೇ ಹೇಳಲಿ, ಸತ್ತದ್ದು ಮಾರಿದವನ ಟಗರು.

"ಕೊಂಡವ ಬಣ್ಣ ಹಚ್ಚಲಾರದ ಎಷ್ಟೊತ್ತು ಕಾಯಿಸಬಹುದು?" ಎಂದು ಕೇಳಿದಳು.

"ಹೊತ್ತು ಮುಳುಗೋತನ. ಆಮ್ಯಾಲ ನಾ ಯಾರಿಗೆ ಬೇಕಾದವ್ರಿಗೆ ಮಾರ್ತೀನಿ."

ಮಲ್ಲೇಶ್ವರಿ ಎರಡನೆಯ ಕುರಿಯನ್ನು ಮೂಗಿನಿಂದ ಬಾಲದವರೆಗೆ ನೋಡಿ, ಬೆನ್ನ ಮೇಲೆ ಎರಡು ಕೆಂಪು ಗೆರೆ ಎಳೆದಳು. ಜಂಬಣ್ಣ ಆ ಕುರಿಯನ್ನು ತನ್ನ ಹಿಂಡಿಗೆ ಸೇರಿಸಿಕೊಂಡ. ಪುಸ್ತಕದಲ್ಲಿ ಅಂದು ನಾಲ್ಕು ಪುಟ ತುಂಬಿದವು.

ಮುಂದಿನ ಸಭೆಗೆ ಹೋಗುವಾಗ ಒಂಬತ್ತನೆಯ ಕಲಂ ಬದಲಾಗಿತ್ತು. ಕೊಂಡವರು ಪ್ರಾಣಿಯನ್ನು ಪರೀಕ್ಷಿಸಿ ಮೈಮೇಲೆ ಬಣ್ಣದ ಗುರುತು ಹಾಕಿದ ಮೇಲೆ ಮಾತ್ರ ಅದು ಅವರದು. ಮಾತಾದ ದಿನ ಸೂರ್ಯ ಮುಳುಗುವುದರೊಳಗೆ ಹಾಕದಿದ್ದರೆ ವ್ಯಾಪಾರ ರದ್ದು. ಬರೆದದ್ದನ್ನು ಓದಿ ಅವಳಿಗೇ ಹೆಮ್ಮೆಯಾಗಿತ್ತು.

ಮುದುಕ ದುಭಾಷಿಯಿಂದ ಎರಡು ಸಲ ಓದಿಸಿಕೊಂಡ. "ಇದು ಮೊದಲಿನದಕ್ಕಿಂತ ಒಳ್ಳೆಯದು. ಆದರೆ ನಮ್ಮದಲ್ಲ," ಎಂದ.

ಅವರಲ್ಲಿ ಬಣ್ಣವಿಲ್ಲ. ಕೊಂಡವನು ತನ್ನ ಮನೆತನದ ಗಂಟು ಹಾಕಿದ ದಾರವನ್ನು ಕುರಿಯ ಕೊರಳಿಗೆ ಕಟ್ಟುತ್ತಾನೆ. ಅದಕ್ಕೂ ಮೊದಲು ಮೂರು ದಿನ ಕುರಿ ಮಾರುವವನ ಹತ್ತಿರವೇ ಮೇಯುತ್ತದೆ, ಕೊಳ್ಳುವವನು ಬಂದು ಅದರ ಜೊತೆ ನಡೆಯುತ್ತಾನೆ. ಅಲ್ಲಿ ನೀರಿನಿಂದ ನೀರಿಗೆ ಬಹಳ ದೂರ. ಕುರಿ ಗಟ್ಟಿಯೋ ಅಲ್ಲವೋ ನಡೆದರೇ ತಿಳಿಯುವುದು, ನಿಂತರೆ ತಿಳಿಯುವುದಿಲ್ಲ.

ದೇವದುರ್ಗದ ಉತ್ತರವನ್ನು ತಾನು ಹಾಗೆಯೇ ಕಟ್ಟಿಕೊಂಡು ಬಂದಿದ್ದೇನೆಂದು ಮಲ್ಲೇಶ್ವರಿಗೆ ಆಗ ಹೊಳೆಯಿತು. ಪೆನ್ನು ತೆಗೆದು ‘ಬಣ್ಣ’ ಎಂಬುದನ್ನು ಎಲ್ಲರ ಎದುರೇ ಹೊಡೆದುಹಾಕಿದಳು. ಅಲ್ಲಿನ ಸಚಿವಾಲಯದ ಅಧಿಕಾರಿಯೊಬ್ಬ ಸುಮ್ಮನಿರಲಿಲ್ಲ. ಇಂಥ ದಾರದ ಗಂಟುಗಳನ್ನೆಲ್ಲ ಕಾನೂನಿನಲ್ಲಿ ಬರೆದರೆ ಹೊರದೇಶದ ವ್ಯಾಪಾರಿಗಳು ನಗುವುದಿಲ್ಲವೇ ಎಂದ.

"ಅವರೂ ಕುರಿಯನ್ನೇ ಕೊಳ್ಳಲು ಬರುತ್ತಾರೆ," ಎಂದಳು ಮಲ್ಲೇಶ್ವರಿ. "ಅದರ ಜೊತೆ ನಾಲ್ಕು ಹೆಜ್ಜೆ ನಡೆದರೆ ಅವರಿಗೂ ಲಾಭವೇ."

ವಾದ ಎರಡು ದಿನ ನಡೆಯಿತು. ಕೊನೆಗೆ ಒಪ್ಪಿದ್ದು ಇಷ್ಟು: ಆಯಾ ಸೀಮೆಯ ರೂಢಿಯಂತೆ ಪರೀಕ್ಷಿಸಿ, ರೂಢಿಯ ಗುರುತು ಹಾಕಿದ ಮೇಲೆ ಪ್ರಾಣಿ ಕೊಂಡವರದು. ಎಷ್ಟು ದಿನ ಎಂಬುದನ್ನು ಆಯಾ ಸಂತೆಯ ಹಿರಿಯರು ಬರೆದು ಎಲ್ಲರಿಗೂ ಕಾಣುವಂತೆ ಅಂಟಿಸಬೇಕು. ಏಳು ತಿಂಗಳಿಗೆ ಕಾನೂನು ಪಾಸಾಯಿತು. ಒಂಬತ್ತನೆಯ ಕಲಂ ಅಷ್ಟರಲ್ಲಿ ಹನ್ನೊಂದನೆಯದಾಗಿತ್ತು. ಮಲ್ಲೇಶ್ವರಿ ಮುಖ್ಯವೆಂದುಕೊಂಡಿದ್ದ ಬೇರೆ ಆರು ಕಲಂಗಳನ್ನು ಅವರು ಕಿತ್ತುಹಾಕಿದ್ದರು. ಅದಕ್ಕವಳು ಸ್ವಲ್ಪ ಕೊರಗಿದಳು, ಆಮೇಲೆ ಬಿಟ್ಟಳು.

ಈಚೆಗೆ ಅದೇ ಸಂಘದಿಂದ ದಿಲ್ಲಿಗೆ ಒಂದು ಪತ್ರ ಬಂತು. ಒಬ್ಬ ಜೇನುಗೂಡು ಮಾರಿದ. ಕೊಂಡವನು ಹೆಗಲಿಗೇರಿಸಿಕೊಂಡು ಮನೆಗೆ ಹೋಗುವಾಗ ದಾರಿಯಲ್ಲಿ ಹುಳುಗಳೆಲ್ಲ ಎದ್ದು ಮೂರನೆಯವನ ಮರಕ್ಕೆ ಹೋಗಿ ಕೂತವು. ಈಗ ಜೇನು ಯಾರದು?

ಮಲ್ಲೇಶ್ವರಿ ನಕ್ಕಳು, ಮತ್ತೆ ಓದಿದಳು, ಪುಸ್ತಕಗಳಲ್ಲಿ ಹುಡುಕಿದಳು. ಪುಸ್ತಕಗಳಲ್ಲಿ ಉತ್ತರವಿತ್ತು. ಆದರೂ ಜಂಬಣ್ಣನಿಗೆ ಫೋನು ಮಾಡಿದಳು.

"ಜೇನಿಂದು ನನ್ನ ಕೇಳಬ್ಯಾಡ," ಎಂದ ಜಂಬಣ್ಣ. "ಮಟಮಾರಿ ಊರಾಗ ನಿಂಗರಾಜ ಅಂತ ಜೇನು ಸಾಕಾವ ಅದಾನ, ಅವನ ಕೇಳು. ಆದ್ರ ಅವ ಫೋನಿನಾಗ ಮಾತಾಡಂಗಿಲ್ಲ. ಬರಬೇಕಾಗ್ತದ."

ಅವಳು ರಜೆಯ ಅರ್ಜಿ ಬರೆಯತೊಡಗಿದಳು.