ನಾಯಿಮರಿಯ ವಹಿ

ನಾನು ಚಿಕ್ಕವನಿದ್ದಾಗ, ಅಂದರೆ ನಾಲ್ಕನೇ ಇಯತ್ತೆಯಲ್ಲಿದ್ದಾಗ, ನನ್ನ ಬಳಿ ಒಂದು ವಹಿ ಇತ್ತು. ನೀವು ನೋಟುಬುಕ್ಕು ಅನ್ನುತ್ತೀರಲ್ಲ, ಅದನ್ನೇ ನಾವು ವಹಿ ಅನ್ನುತ್ತಿದ್ದೆವು. ನಮ್ಮ ರಬಕವಿ ಆಗ ಮುಂಬಯಿ ರಾಜ್ಯದಲ್ಲಿತ್ತು. ದಿನಾ ಯಾವುದಾದರೂ ಒಂದು ಸಂಗತಿಯನ್ನು ಕಣ್ಣಿಟ್ಟು ನೋಡಿ ವಹಿಯಲ್ಲಿ ಬರೆಯಿರಿ ಎಂದು ಸಾಲೆಯ ಮಾಸ್ತರು ಹೇಳಿದ್ದರು. ನನ್ನ ಗೆಳೆಯರು ಮೋಡ ಬರೆದರು, ಬಿಸಿಲು ಬರೆದರು, ಒಬ್ಬ ಗುಬ್ಬಿಗಳನ್ನು ಎಣಿಸಿದ. ನಾನು ನಾಯಿಮರಿಯ ಉಚ್ಚೆಯ ಲೆಕ್ಕ ಬರೆದೆ.

ನಗಬೇಡಿ. ಆ ಮರಿ ನಮ್ಮ ಮನೆಯಲ್ಲಿ ಉಳಿಯುವುದೋ ಬಿಡುವುದೋ ಎಂಬುದು ಅದೇ ಲೆಕ್ಕದ ಮೇಲೆ ನಿಂತಿತ್ತು.

ಮುಧೋಳದ ಹತ್ತಿರದ ತಿಮ್ಮಾಪುರದಿಂದ ಒಬ್ಬ ಕಾಕಾ ಕುರಿ ಹೊಡೆದುಕೊಂಡು ಹೊಳೆಯ ಕಡೆಗೆ ಬರುತ್ತಿದ್ದ. ಅವನ ಹಿಂಡು ಕಾಯುವ ನಾಯಿ ಆರು ಮರಿ ಹಾಕಿತ್ತು. ಅದರಲ್ಲೊಂದನ್ನು ತನ್ನ ಕಂಬಳಿಯಲ್ಲಿ ಸುತ್ತಿ ತಂದು ನಮ್ಮ ಕಟ್ಟೆಯ ಮೇಲೆ ಇಳಿಸಿದ. ಒಣಗಿದ ಜೋಳದ ದಂಟಿನ ಬಣ್ಣ, ಚೂಪು ಮೂತಿ, ಮೈಗಿಂತ ದೊಡ್ಡದೆನಿಸುವ ಕಾಲುಗಳು. ಅದರ ಮೈಗೆ ಕಂಬಳಿಯ ವಾಸನೆಯೂ ಹಾಲಿನ ವಾಸನೆಯೂ ಹತ್ತಿತ್ತು, ಹೊಟ್ಟೆ ಬೆಚ್ಚಗಿತ್ತು. ಹದಿನೈದು ದಿನಕ್ಕೆ ಇದೇ ದಾರಿಯಲ್ಲಿ ತಿರುಗಿ ಬರುತ್ತೇನೆ, ಹೊಂದಿಕೊಂಡರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಒಯ್ಯುತ್ತೇನೆ ಎಂದು ಹೇಳಿ ಕಾಕಾ ಹೋದ.

ಮರಿ ಹೊಂದಿಕೊಂಡಿತು. ಎಷ್ಟು ಹೊಂದಿಕೊಂಡಿತೆಂದರೆ, ಮೊದಲ ದಿನವೇ ಅಪ್ಪನ ಮಗ್ಗದ ಕೋಣೆಯಲ್ಲಿ ಉಚ್ಚೆ ಹೊಯ್ದಿತು.

ನಮ್ಮದು ನೇಕಾರರ ಮನೆ. ಮಗ್ಗದ ಕೋಣೆಯ ನೆಲದಲ್ಲಿ ಸೊಂಟದಾಳದ ಒಂದು ಕುಣಿ. ಅಪ್ಪ ಅದರಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ. ನೂಲಿಗೆ ಹಚ್ಚಿದ ಗಂಜಿಯ ಹುಳಿ ವಾಸನೆ, ಸಗಣಿಯಿಂದ ಸಾರಿಸಿದ ನೆಲದ ತಂಪು, ಅಡ್ಡನೂಲು ಹೊತ್ತು ಎಡದಿಂದ ಬಲಕ್ಕೆ ಬಲದಿಂದ ಎಡಕ್ಕೆ ಓಡುವ ಲಾಳಿಯ ಸಪ್ಪಳ, ಇವು ನಮಗೆ ಹುಟ್ಟಿದಾಗಿನಿಂದ ರೂಢಿ. ಆ ಕೋಣೆ ನಮಗೆ ದೇವರ ಕೋಣೆಗಿಂತ ಒಂದು ಹಿಡಿಯಷ್ಟೂ ಕಡಿಮೆಯಲ್ಲ. ಮಗ್ಗಕ್ಕೆ ಕೈ ಮುಗಿಯದೆ ಅಪ್ಪ ಕುಣಿಗೆ ಇಳಿದದ್ದನ್ನು ನಾನು ಒಂದು ದಿನವೂ ಕಂಡಿಲ್ಲ.

ಅಂದು ಅಪ್ಪ ಸಿಟ್ಟು ಮಾಡಲಿಲ್ಲ. "ಕಾಕಾ ಬರೂತನಕ ಇರಲಿ. ಅಷ್ಟರಾಗ ಮಗ್ಗದ ಕ್ವಾಣ್ಯಾಗ ಹೊಯ್ಯೂದು ಬಿಡಬೇಕು. ಬಿಡಲಿಲ್ಲಂದ್ರ ಅವನ ಸಂಗಾಟ ಹೋಕ್ಕೈತಿ," ಅಂದ. ಏನು ಹೆಸರಿಡೋಣ ಎಂದು ಕೇಳಿದೆ. "ಹೆಸರ ಈಗ ಬ್ಯಾಡ. ಹೆಸರಿಟ್ರ ಕಳಸಾಕ ಮನಸ ಬರೂದಿಲ್ಲ."

ಅದಕ್ಕೇ ನನ್ನ ವಹಿಯ ಮೊದಲ ಪುಟದಲ್ಲಿ 'ಹೆಸರು' ಎಂದು ಬರೆದು, ಮುಂದೆ ಜಾಗ ಬಿಟ್ಟೆ. ಕೆಳಗೆ ಉದ್ದಕ್ಕೆ ನಾಲ್ಕು ಮನೆ ಎಳೆದೆ, ಮರಿ ಒಂದು ಸಲ ಹೊಯ್ದರೆ ಅಡ್ಡಕ್ಕೆ ಒಂದು ಗೆರೆ. ಯಾವ ದಿನ, ಯಾವ ಹೊತ್ತು, ಯಾವ ಜಾಗ, ಅದಕ್ಕೂ ಸ್ವಲ್ಪ ಮುಂಚೆ ಏನಾಗಿತ್ತು. ಮನೆಯಲ್ಲಿ ಗಡಿಯಾರವಿರಲಿಲ್ಲ. ಹಾಗಾಗಿ ಹೊತ್ತಿನ ಮನೆಯಲ್ಲಿ 'ಅವ್ವ ರೊಟ್ಟಿ ಬಡಿಯುವಾಗ', 'ಅಕ್ಕ ನೀರಿಗೆ ಹೋದಾಗ' ಎಂದೆಲ್ಲ ಬರೆಯುತ್ತಿದ್ದೆ. ಅಕ್ಕ ರಾಟೆಯ ಮುಂದೆ ಕೂತು ನೂಲು ಸುತ್ತುತ್ತ ನನ್ನನ್ನು ನೋಡಿ ನಗುತ್ತಿದ್ದಳು. ಊರ ಹೊಲಗಳ ಕಾಗದಪತ್ರ ಬರೆಯುವವರನ್ನು ಆಗ ತಲಾಠಿ ಅನ್ನುತ್ತಿದ್ದರು. ಅಕ್ಕ ನನಗೆ 'ಉಚ್ಚಿ ತಲಾಠಿ' ಎಂದು ಹೆಸರಿಟ್ಟಳು. ಮರಿಗಿಂತ ಮೊದಲು ನನಗೇ ಹೆಸರು ಸಿಕ್ಕಿತು.

ವಹಿ ಬೇಗನೆ ಕೆಲಸಕ್ಕೆ ಬಂತು. ಹಾಲು ಕುಡಿದ ಕೂಡಲೇ, ನಿದ್ದೆಯಿಂದ ಎದ್ದ ಕೂಡಲೇ ಮರಿ ಹೊಯ್ಯುತ್ತದೆ ಎಂದು ಮೂರೇ ದಿನಗಳಲ್ಲಿ ತಿಳಿಯಿತು. ಆ ಹೊತ್ತಿಗೆ ಸರಿಯಾಗಿ ಅದನ್ನೆತ್ತಿಕೊಂಡು ಹಿತ್ತಲಿಗೆ ಓಡತೊಡಗಿದೆ. ಅಡುಗೆ ಮನೆಯಲ್ಲಿ ಎರಡೇ ಗೆರೆಗೆ ನಿಂತಿತು. ಪಡಸಾಲೆಯಲ್ಲಿ ಮೂರಕ್ಕೆ ನಿಂತಿತು. ಮಗ್ಗದ ಕೋಣೆಯಲ್ಲಿ ಮಾತ್ರ ಗೆರೆಗಳು ನಿಲ್ಲಲಿಲ್ಲ.

ಹದಿನೈದನೆಯ ದಿನ ಐತವಾರ. ಸಾಲೆಗೆ ರಜೆ. ಸಂಜೆ ಕಾಕಾ ಬರುವವನಿದ್ದ. ಬೆಳಿಗ್ಗೆ ಆಯಿಯ ಪೂಜೆ ಮುಗಿದಿತ್ತು. ಆಯಿ ಅಂದರೆ ಅಪ್ಪನ ಅವ್ವ. ಅಪ್ಪ ನೇಯುತ್ತಿದ್ದ, ಲಾಳಿ ಓಡುತ್ತಿತ್ತು. ಇದ್ದಕ್ಕಿದ್ದಂತೆ ಲಾಳಿ ನಿಂತಿತು. ಮರಿ ಬಡಗಣ ಮೂಲೆಯಲ್ಲಿ, ಅದೇ ಹಳೆಯ ಜಾಗದಲ್ಲಿ, ಕೂತು ಹೊಯ್ದಿತ್ತು. ನೆಲ ಕುಣಿಯ ಕಡೆಗೆ ತುಸು ಇಳಿಜಾರು. ಉಚ್ಚೆ ಸಣ್ಣ ಹಳ್ಳದಂತೆ ಹರಿದು ಬಂದು ಅಪ್ಪನ ಪಾದದ ಮೇಲೆ ತೊಟ್ಟಿಕ್ಕಿತ್ತು.

ಅಪ್ಪ ಕಾಲು ಮೇಲೆತ್ತಿ ನೋಡಿಕೊಂಡ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ನಗಲಿಲ್ಲ. ಸಂಜೆ ಕೊಟ್ಟುಬಿಡೋಣ ಎಂದಷ್ಟೇ ಹೇಳಿ ಕಾಲು ತೊಳೆಯಲು ಹೋದ.

ನನಗೆ ಅಳು ಬರಲಿಲ್ಲ. ಎಲ್ಲೋ ಒಂದು ತಪ್ಪಾಗಿದೆ, ತಪ್ಪು ಎಲ್ಲಿದ್ದರೂ ವಹಿಯಲ್ಲಿ ಇದ್ದೇ ಇರುತ್ತದೆ ಎಂಬುದು ನನಗೆ ಗಟ್ಟಿಯಾಗಿ ಗೊತ್ತಿತ್ತು. ಕಟ್ಟೆಯ ಮೇಲೆ ಕೂತು ಮೊದಲಿನಿಂದ ಎಣಿಸಿದೆ. ವಹಿ ಶುರು ಮಾಡುವ ಮುಂಚಿನ ಮೊದಲ ದಿನದ್ದು ಬಿಟ್ಟು, ಒಟ್ಟು ಹದಿನೇಳು ಗೆರೆ. ಅದರಲ್ಲಿ ಮಗ್ಗದ ಕೋಣೆಯವು ಹನ್ನೆರಡು. ಆ ಹನ್ನೆರಡರಲ್ಲಿ ಹತ್ತು ಬಡಗಣ ಮೂಲೆಯವು. ಈ ಹತ್ತನ್ನು ಮಾತ್ರ ಹಿಡಿದು ಕೊನೆಯ ಮನೆಯಲ್ಲಿ ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದೆ. 'ಆಯಿ ಚಿಮುಕಿಸಿದಳು.' ಅದರ ಕೆಳಗೆ, 'ಆಯಿ ಚಿಮುಕಿಸಿದಳು.' ಹತ್ತಕ್ಕೆ ಹತ್ತೂ ಅದೇ. ನನ್ನ ಕೈಯಿಂದಲೇ ಬರೆದಿದ್ದೆ. ಆದರೆ ಈವರೆಗೆ ಅಡ್ಡಡ್ಡ ಓದಿದ್ದೆನೇ ಹೊರತು ಉದ್ದಕ್ಕೆ ಓದಿರಲಿಲ್ಲ.

ಏನು ಚಿಮುಕಿಸುತ್ತಿದ್ದಳು ಗೊತ್ತೇ? ಗಂಜಳ. ಅಂದರೆ ಆಕಳ ಉಚ್ಚೆ. ನಮ್ಮ ಹಿತ್ತಲಿನ ಆಕಳದ್ದು. ಮನೆಯಲ್ಲಿ ಏನಾದರೂ ಮೈಲಿಗೆಯಾದರೆ ಗಂಜಳ ಚಿಮುಕಿಸಿ ಶುದ್ಧ ಮಾಡುವುದು ನಮ್ಮಲ್ಲಿ ಪದ್ಧತಿ. ಮೊದಲ ದಿನ ಮರಿ ಹೊಯ್ದ ಮೂಲೆಯನ್ನು ಅವ್ವ ನೀರಿನಿಂದ ತೊಳೆದಳು. ಆಮೇಲೆ ಆಯಿ ಬೇವಿನ ಸೊಪ್ಪನ್ನು ತಾಮ್ರದ ಚರಿಗೆಯಲ್ಲಿ ಅದ್ದಿ ಗಂಜಳ ಚಿಮುಕಿಸಿದಳು. ಮಾರನೆಯ ದಿನ ಮರಿ ಅಲ್ಲೇ ಮೂಸಿ ಅಲ್ಲೇ ಹೊಯ್ದಿತು. ಆಯಿ ಇನ್ನಷ್ಟು ಚಿಮುಕಿಸಿದಳು. ಮಗ್ಗದ ಕೋಣೆ ಎಂದು ಪೂಜೆ ಮುಗಿದ ಮೇಲೆ ದಿನಾಲೂ, ಒಂದು ಕೈ ಜಾಸ್ತಿಯೇ. ಆಯಿ ಶುದ್ಧ ಮಾಡಿದಷ್ಟೂ ಮರಿಗೆ ಇದೇ ತನ್ನ ಜಾಗ ಎಂದು ಖಾತ್ರಿಯಾಗುತ್ತ ಹೋಗಿತ್ತು.

ಮೊದಲು ಪರೀಕ್ಷೆ ಮಾಡಿದೆ. ಬಿಸಿನೀರು, ಒಲೆಯ ಬೂದಿ ಹಾಕಿ ಆ ಮೂಲೆಯನ್ನು ಮೂರು ಸಲ ತಿಕ್ಕಿದೆ. ಆಕಳ ಕೊಟ್ಟಿಗೆಯಿಂದ ಒಂದು ಗಡಿಗೆಯಲ್ಲಿ ಗಂಜಳ ತಂದು ಹಿತ್ತಲಿನ ಬೇವಿನ ಮರದ ಬುಡಕ್ಕೆ ಚೆಲ್ಲಿದೆ. ಮರಿಗೆ ಹಾಲು ಕುಡಿಸಿ ಕೆಳಗೆ ಬಿಟ್ಟೆ. ಅದು ಮೂಗು ನೆಲಕ್ಕೆ ಹಚ್ಚಿ, ಅಂಕುಡೊಂಕಾಗಿ ಹೋಗಿ, ಬೇವಿನ ಬುಡದಲ್ಲಿ ಎರಡು ಸುತ್ತು ತಿರುಗಿ ಕೂತಿತು. ಮಧ್ಯಾಹ್ನ ಮಲಗಿ ಎದ್ದು ಮತ್ತೆ ಅಲ್ಲಿಗೇ ಓಡಿತು. ಹೊಸ ಪುಟದಲ್ಲಿ ಎರಡು ಗೆರೆ ಎಳೆದೆ.

ಇನ್ನು ಉಳಿದದ್ದು ಆಯಿ. ದೀಪ ಹಚ್ಚಿದ ಮೇಲೆ ಬೆಳಗಿನ ಮೈಲಿಗೆ ಕಳೆಯಲು ಅವಳು ಮತ್ತೆ ಚಿಮುಕಿಸುವವಳೇ. ಚಿಮುಕಿಸಿದರೆ ಮರಿ ಹೊಯ್ಯುವುದೇ. ಹೊಯ್ದರೆ ಕಾಕಾನ ಕಂಬಳಿಯೇ ಗತಿ.

ಆಯಿ ಪಡಸಾಲೆಯಲ್ಲಿ ಎಳೆ ಎಣಿಸುತ್ತ ಕೂತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಸೀರೆಯ ಹಾಸಿನ ಎಳೆಗಳನ್ನು ಎಣಿಸುವುದರಲ್ಲಿ ಓಣಿಯಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ವಹಿಯನ್ನು ಅವಳ ಮುಂದೆ ಹಿಡಿದು ಯಾವ ಗೆರೆ ಯಾವುದು ಎಂದು ಹೇಳಿದೆ. ಅವಳು ಬೆರಳು ಇಟ್ಟು ಎಣಿಸಿದಳು. ಹತ್ತು. ಮತ್ತೆ ಎಣಿಸಿದಳು. ಹತ್ತೇ.

"ನನ್ನ ಪೂಜಿನೂ ವಹಿಯಾಗ ಹಾಕೀಯೇನಲೇ?" ಅಂದಳು.

"ಪೂಜಿ ಹಾಕಿಲ್ಲ ಆಯಿ. ಚಿಮುಕಿಸಿದ್ದಷ್ಟ ಹಾಕೇನಿ."

"ಅದು ಆಕಳ ಗಂಜಳ. ಮೈಲಗಿ ತಗೀತೈತಿ. ನಾಯಿಗೆ ಅದೇನ ತಿಳೀತೈತಿ?"

"ಅದಕ್ಕ ತಿಳೀದ ಸಲುವಾಗೇ ಹಿಂಗಾಗಾಕತ್ತೈತಿ. ಅದಕ್ಕ ಯಾರದು ಅಂತ ಗೊತ್ತಿಲ್ಲ ಆಯಿ. ವಾಸನಿ ಅಷ್ಟ ಗೊತ್ತೈತಿ."

ಆಯಿ ವಹಿಯನ್ನು ಮಡಚಿ ನನ್ನ ಕೈಗಿಟ್ಟಳು. ಆಮೇಲೆ, "ಹೋಗಲೇ ತಲಾಠಿ," ಎಂದು ನನ್ನನ್ನು ಅಟ್ಟಿ ಮತ್ತೆ ಎಳೆ ಎಣಿಸತೊಡಗಿದಳು.

ಹೊತ್ತು ಇಳಿಯುವಾಗ ಕುರಿಗಳ ಗಂಟೆ ಕೇಳಿಸಿತು. ಓಣಿಯ ತುಂಬ ಧೂಳು. ಕಾಕಾ ಹಿಂಡನ್ನು ಜೊತೆಗಾರನಿಗೆ ಒಪ್ಪಿಸಿ ಒಳಗೆ ಬಂದು ನೀರು ಕುಡಿದ. ಅಪ್ಪ ಅವನಿಗೆ ಬೆಳಗಿನ ಸಂಗತಿ ಹೇಳಿದ. ನಾನು ವಹಿ ಹಿಡಿದು ಅಪ್ಪನ ಮುಂದೆ ನಿಂತು, ಇವತ್ತು ಇನ್ನೊಂದು ಸಲ ನೋಡು, ತಪ್ಪಿದರೆ ನಾನೇ ಮರಿಯನ್ನು ಎತ್ತಿ ಕಾಕಾನ ಕೈಗೆ ಕೊಡುತ್ತೇನೆ ಎಂದೆ. ಅಪ್ಪ ನನ್ನ ಮುಖ ನೋಡಿ ಕುಣಿಗಿಳಿದು ಲಾಳಿ ಕೈಗೆ ತೆಗೆದುಕೊಂಡ. ಕಾಕಾ ಹೊಸ್ತಿಲಲ್ಲಿ ಕೂತ. ಮರಿ ಆಗಷ್ಟೇ ಹಾಲು ಕುಡಿದು ನೂಲಿನ ಬುಟ್ಟಿಯ ಸುತ್ತ ಆಡುತ್ತಿತ್ತು.

ಆಗ ಆಯಿ ಬಂದಳು. ಒಂದು ಕೈಯಲ್ಲಿ ತಾಮ್ರದ ಚರಿಗೆ, ಇನ್ನೊಂದರಲ್ಲಿ ಬೇವಿನ ಸೊಪ್ಪು. ಅಕ್ಕನ ರಾಟೆ ನಿಂತಿತು. ಆಯಿ ಬಡಗಣ ಮೂಲೆಯ ಮುಂದೆ ನಿಂತು ಸೊಪ್ಪನ್ನು ಚರಿಗೆಯಲ್ಲಿ ಅದ್ದಿ ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಸೊಪ್ಪಿನಿಂದ ಒಂದು ಹನಿ ಅವಳ ಮುಂಗೈಗೆ ಇಳಿಯಿತು. ಸೊಪ್ಪನ್ನು ಚರಿಗೆಯಲ್ಲೇ ಬಿಟ್ಟು, ಆ ಹನಿಯನ್ನು ಸೆರಗಿನಿಂದ ಒರೆಸಿಕೊಂಡು, ಮಗ್ಗಕ್ಕೆ ಬರಿಗೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡು, ಸೀದಾ ಹಿತ್ತಲ ಬಾಗಿಲಿನಿಂದ ಹೊರಗೆ ನಡೆದಳು. ಬೇವಿನ ಬುಡದಲ್ಲಿ ಚರಿಗೆಯನ್ನು ಪೂರ್ತಿ ಬಗ್ಗಿಸಿದ ಸಪ್ಪಳ ನಮಗೆ ಒಳಗೇ ಕೇಳಿಸಿತು.

ಮರಿ ಆಟ ಬಿಟ್ಟು ಎದ್ದಿತು. ಬಡಗಣ ಮೂಲೆಗೆ ಹೋಗಿ ಮೂಸಿತು. ಒಂದು ಸುತ್ತು ತಿರುಗಿತು. ಅಪ್ಪ ಕುಣಿಯಲ್ಲಿ ಕಾಲು ಮೇಲಕ್ಕೆಳೆದುಕೊಂಡದ್ದು ನನಗೆ ಕಂಡಿತು. ಮರಿ ತಲೆ ಎತ್ತಿ ಮೂಗು ಅರಳಿಸಿ, ಬಾಗಿಲ ಕಡೆ ನೋಡಿ, ಕಾಕಾನ ಕಾಲು ದಾಟಿ ಒಂದೇ ನೆಗೆತಕ್ಕೆ ಹಿತ್ತಲಿಗೆ ಹಾರಿತು. ಬೇವಿನ ಬುಡದಲ್ಲಿ ಆಯಿಯ ಪಕ್ಕದಲ್ಲೇ ಕೂತು ಹೊಯ್ದು, ಹೋದಷ್ಟೇ ಜೋರಿನಿಂದ ಮಗ್ಗದ ಕೋಣೆಗೆ ತಿರುಗಿ ಬಂತು.

"ನಾಯಿ ಶಾಣ್ಯಾ ಇತ್ತರಿ," ಅಂದ ಕಾಕಾ, ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ. "ನೀವ ತಡಾ ಮಾಡಿದ್ರಿ."

ಅಪ್ಪ ಅಂದು ಮೊದಲ ಸಲ ನಕ್ಕ. ಆಯಿ ಖಾಲಿ ಚರಿಗೆ ಹಿಡಿದು ಒಳಗೆ ಬರುವಾಗ ಮರಿ ಅವಳ ಕಾಲ ಸಂದಿಯಿಂದ ಮತ್ತೆ ಹೊರಗೋಡಿ ಮತ್ತೆ ಒಳಗೋಡಿತು. "ಇದರದೇನ ಲಾಳಿ ಹಂಗ? ಆ ಕಡಿಂದ ಈ ಕಡಿ, ಈ ಕಡಿಂದ ಆ ಕಡಿ," ಎಂದಳು ಆಯಿ. ಅಪ್ಪ ಕೈಯಲ್ಲಿದ್ದ ಲಾಳಿಯನ್ನು ನೋಡಿದ, ನನ್ನನ್ನು ನೋಡಿದ. "ಬರ್ಕೊ," ಅಂದ.

ಬೇವಿನ ಬುಡಕ್ಕೆ ಗಂಜಳ ಹಾಕುವುದನ್ನು ಆಯಿ ಆಮೇಲೆ ಹತ್ತು ಹನ್ನೆರಡು ದಿನ ನಡೆಸಿದಳು. ಮಗ್ಗದ ಕೋಣೆಯಲ್ಲಿ ಗಂಜಳದ ಬದಲು ಊದಿನಕಡ್ಡಿ ಹಚ್ಚಿದಳು. ಆ ಕೋಣೆಯ ಹೆಸರಿನಲ್ಲಿ ನಾನು ಮತ್ತೆ ಗೆರೆ ಎಳೆಯಲಿಲ್ಲ.

ಈಗ ನಮ್ಮ ಮೊಮ್ಮಗಳ ಮನೆಗೂ ಒಂದು ಮರಿ ಬಂದಿದೆ. ಅವರದು ನಾಲ್ಕನೆಯ ಮಹಡಿ. ಅಲ್ಲಿ ಬೇವಿನ ಮರವಿಲ್ಲ, ಆಕಳಿಲ್ಲ, ಸಗಣಿಯ ನೆಲವೂ ಇಲ್ಲ. ಕಳೆದ ವಾರ ಅವಳು ಅಂಗಡಿಯಿಂದ ತಂದ ಒಂದು ಬಾಟಲಿಯನ್ನು ನನ್ನ ಮೂಗಿಗೆ ಹಿಡಿದಳು. ಅದನ್ನು ಕಾಗದದ ಹಾಸಿನ ಮೇಲೆ ಸಿಂಪಡಿಸಿದರೆ, ಇಲ್ಲೇ ಹೊಯ್ಯಬೇಕು ಎಂದು ಮರಿಗೆ ತಿಳಿಯುತ್ತದಂತೆ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ನನಗೆ ಆಯಿಯ ತಾಮ್ರದ ಚರಿಗೆ ಕಣ್ಣಿಗೆ ಕಟ್ಟಿತು. ಲೆಕ್ಕ ಇಡಲು ಅವಳ ಫೋನಿನಲ್ಲೇ ಮನೆಗಳಿವೆ. ಬೆರಳು ಮುಟ್ಟಿಸಿದರೆ ಅದೇ ಎಣಿಸುತ್ತದೆ. ಶುರು ಮಾಡುವಾಗಲೇ ಅದು ಮರಿಯ ಹೆಸರು ಕೇಳುತ್ತದೆ. ಹೆಸರು ತುಂಬದಿದ್ದರೆ ಮುಂದಿನ ಪುಟವೇ ತೆರೆಯುವುದಿಲ್ಲ.

ನನ್ನ ವಹಿ ಹಾಗಿರಲಿಲ್ಲ. ಅದರ ಮೊದಲ ಪುಟದಲ್ಲಿ 'ಹೆಸರು' ಎಂದು ಬರೆದ ಮಸಿ ಒಂದು ಬಣ್ಣ, ಅದರ ಮುಂದೆ 'ಲಾಳಿ' ಎಂದು ಬರೆದ ಮಸಿ ಇನ್ನೊಂದು ಬಣ್ಣ. ನಡುವೆ ಹದಿನೈದು ದಿನ, ಹದಿನೇಳು ಗೆರೆ.