ಕರಿ ಬಟ್ಟೆಯೊಳಗಿಂದ ಕಂಡ ಮುಖ

ನಮ್ಮ ಕಾಕಾ ಅಮೃತಪ್ಪನಿಗೆ ದೂರದ್ದು ಕಾಣುತ್ತಿರಲಿಲ್ಲ. ಚಸ್ಮಾ ತೆಗೆದರೆ ಮಾರು ದೂರದಲ್ಲಿ ನಿಂತದ್ದು ಎಮ್ಮೆಯೋ ಮನುಷ್ಯನೋ ತಿಳಿಯದು. ಅಂಥವನು ಅಕ್ಕಲಕೋಟದಲ್ಲಿ ಫೋಟೋ ತೆಗೆಯುವ ಕಸುಬು ಹಿಡಿದದ್ದು ಊರಿಗೆಲ್ಲ ನಗೆಯಾಗಿತ್ತು. ನಕ್ಕವರಿಗೆ ಕ್ಯಾಮೆರಾ ಎಂದರೇನೆಂದು ಗೊತ್ತಿದ್ದರೆ ತಾನೆ! ಸೊಲ್ಲಾಪುರದಿಂದ ತಂದ ಆ ಮೂರು ಕಾಲಿನ ಪೆಟ್ಟಿಗೆಯ ಹಿಂಬದಿಗೆ ಒಂದು ಮಸುಕು ಗಾಜು. ಎದುರಿಗಿದ್ದದ್ದು ಅದರ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಕರಿ ಬಟ್ಟೆಯೊಳಗೆ ತಲೆ ಹಾಕಿದರೆ ಉಸಿರಿಗೆ ಚಸ್ಮಾ ಮಂಜು ಹಿಡಿಯುತ್ತಿತ್ತು. ಕಾಕಾ ಅದನ್ನು ತೆಗೆದು ಕಿಸೆಗೆ ಹಾಕಿ, ಗಾಜಿಗೆ ಮೂಗು ಹಚ್ಚಿ ನೋಡುವನು. ಹತ್ತಿರದ್ದಾದರೆ ಸಾಸಿವೆಯಷ್ಟಿದ್ದರೂ ಅವನಿಗೆ ಕಾಣುತ್ತಿತ್ತು.

ಮನೆಯಲ್ಲಿ ಮಾತ್ರ ಅವನು ಕುರುಡನೇ. ಅಜ್ಜ ಸಿದ್ದರಾಮಪ್ಪನ ಎದುರು ಮಗ ಚಸ್ಮಾ ಹಾಕಿಕೊಂಡು ನಿಲ್ಲುವುದೆಂದರೆ ಚಪ್ಪಲಿ ಮೆಟ್ಟಿ ದೇವರ ಕೋಣೆಗೆ ಹೋದಂತೆ, ಹೊಸ್ತಿಲಲ್ಲೇ ತೆಗೆಯಬೇಕು. ಹಿರಿಯರ ಮುಂದೆ ಹೆಂಡತಿಯ ಮುಖ ನೋಡುವುದಂತೂ ದೂರದ ಮಾತು. ಗುರುಲಿಂಗಮ್ಮ ಕಾಕು ಮದುವೆಯಾಗಿ ಬಂದು ಎಷ್ಟೋ ಸುಗ್ಗಿ ಕಳೆದಿದ್ದವು. ಹಗಲು ಅವಳೆಂದರೆ ಅವನಿಗೆ ಬಳೆಯ ಸದ್ದು, ಇಳಕಲ್ ಸೀರೆಯ ಬಣ್ಣ. ರಾತ್ರಿ ಚಿಮಣಿಯ ಬೆಳಕಿಗೆ ಅರ್ಧ ಮುಖ. ಹೆಂಡತಿಯನ್ನು ಬಿಸಿಲಿನಲ್ಲಿ ಒಮ್ಮೆ ಕಣ್ತುಂಬ ನೋಡಬೇಕೆಂಬ ಆಸೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಪಾಪ, ಯಾರ ಮುಂದೆ ಹೇಳಿಕೊಂಡಾನು?

೧೯೩೧ರಲ್ಲಿ ಅಜ್ಜನಿಗೇ ಮನಸ್ಸಾಯಿತು, ಮನೆಮಂದಿಯ ಫೋಟೋ ಆಗಬೇಕೆಂದು. ಅಂಗಳದಲ್ಲಿ ಅಜ್ಜ ಅಜ್ಜಿ ಕುರ್ಚಿ ಹಾಕಿಕೊಂಡು ಕೂತರು. ಸೊಸೆಯಂದಿರು ಹಿಂದೆ, ಕಟ್ಟೆಯ ಮೇಲೆ, ಸೆರಗು ಮೂಗಿನವರೆಗೆ ಎಳೆದುಕೊಂಡು ನಿಂತರು. ಕಾಕಾ ಬಟ್ಟೆಯೊಳಗೆ ಹೊಕ್ಕ.

"ಹಿಂದ ನಿಂತವ್ರು ಜರಾ ಸೆರಗ ಸರಸ್ರಿ. ಮಾರಿ ಮ್ಯಾಲೆ ಎತ್ರಿ," ಎಂದು ಒಳಗಿಂದ ದನಿ ಬಂತು.

ಕಾಕು ಮುಖ ಎತ್ತಿದಳು. ಆ ಮಾತು ಯಾರಿಗೆಂದು ಅವಳಿಗೆ ತಿಳಿಯದೆ? ನಕ್ಕೂ ನಕ್ಕಳು. ಕಾಕಾ ಹೊರಗೆ ಬರಲೇ ಇಲ್ಲ.

"ಏ ಅಮೃತ್ಯಾ, ಒಳಗ ಮಕ್ಕೊಂಡಿ ಏನಲೇ?" ಅಜ್ಜ ಗುಡುಗಿದ.

"ಫೋಕಸ್ ಆಗವಲ್ದ್ರಿ ಅಪ್ಪಾ. ಆತು, ಇನ್ನ ಜರಾ."

ಆಗಿತ್ತು, ಆಗಬಾರದ ಕಡೆ ಆಗಿತ್ತು. ಫೋಟೋ ತೊಳೆದು ತಂದಾಗ ಮುಂದೆ ಕೂತ ಅಜ್ಜ ಅಜ್ಜಿ ಮಂಜುಮಂಜಾಗಿ ಕಲಸಿಹೋಗಿದ್ದರು. ಹಿಂದೆ ಕಾಕುವಿನ ಮೂಗುತಿಯ ಹರಳು ಕೂಡ ಎಣಿಸುವಂತಿತ್ತು. ಮಗನ ಕಣ್ಣು ಎಲ್ಲಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಅಜ್ಜಿ ಮಗನಿಗೆ ಒಂದು ಮಾತನ್ನೂ ಅನ್ನಲಿಲ್ಲ. "ಮಾವನ ಬೆನ್ನ ಹಿಂದ ನಿಂತು ಹಲ್ಲ ಕಿಸದಾಕಿ ನೋಡ್ರಿ, ನಮ್ಮ ಸೊಸಿ!" ಎಂದು ಬಂದವರಿಗೆಲ್ಲ ಹೇಳತೊಡಗಿದಳು. ರೊಟ್ಟಿ ಸೀದರೂ ಅದೇ, ಹಾಲು ಉಕ್ಕಿದರೂ ಅದೇ. ಮಾಡಿದವನು ಗಂಡ, ಅನ್ನಿಸಿಕೊಂಡವಳು ಹೆಂಡತಿ. ನಮ್ಮಲ್ಲಿ ಇದು ಹೊಸದೇನಲ್ಲ. ಫೋಟೋ ಒಲೆಗೆ ಹೋಯಿತು. ಅಜ್ಜನ ಅಪ್ಪಣೆಯಂತೆ ಆ ಚಿತ್ರ ಮೊದಲು ಮೂಡಿದ್ದ ಗಾಜಿನ ಪ್ಲೇಟನ್ನು ಕಾಕಾ ತಾನೇ ಬಿಸಿನೀರಿನಲ್ಲಿ ತಿಕ್ಕಿ, ಗುರುತೂ ಉಳಿಯದಂತೆ ತೊಳೆದ. "ತಪ್ಪು ನಂದು" ಎಂದು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಅದಕ್ಕೇ ನನಗೆ ಅವನ ಮೇಲೆ ಇಂದಿಗೂ ಸಿಟ್ಟಿದೆ.

ಅಜ್ಜ ಅಜ್ಜಿ ಇಬ್ಬರೂ ತೀರಿಕೊಂಡ ಮೇಲೆ, ೧೯೩೮ರ ಒಂದು ಮುಂಜಾನೆ, ಕಾಕಾ ಅದೇ ಅಂಗಳದಲ್ಲಿ ಒಂದೇ ಕುರ್ಚಿ ಹಾಕಿ ಕಾಕುವನ್ನು ಕೂರಿಸಿದ. ಈಗ ಕದ್ದು ನೋಡಬೇಕಿರಲಿಲ್ಲ. ಚಸ್ಮಾ ಕಿಸೆಗೆ ಹಾಕಿ ಬಟ್ಟೆಯೊಳಗೆ ಹೊಕ್ಕವನಿಗೆ ಗಾಜಿನ ಮೇಲೆ ಕಂಡದ್ದು ಬೈತಲೆ ಮತ್ತು ಸೆರಗಿನ ಅಂಚು.

"ಮಾರಿ ಎತ್ತು, ಗುರುಲಿಂಗಾ."

"ಆಗವಲ್ದ್ರಿ."

"ಈಗ ಬೈಯಾವ್ರು ಯಾರದಾರ? ನಾ ಒಬ್ಬಾವ ಇದ್ದೀನಿ."

"ಅವತ್ತೂ ನೀವು ಇದ್ರಲ್ಲ," ಎಂದಳು ಕಾಕು.

ಕಾಕಾ ಬಿಸಿಲು ಏರುವವರೆಗೂ ಗಾಜಿಗೆ ಮೂಗು ಹಚ್ಚಿಕೊಂಡು ಕಾದ. ಅವಳು ಎತ್ತಲಿಲ್ಲ. ಕಡೆಗೆ ಆ ಬಗ್ಗಿದ ತಲೆಯದೇ ಫೋಟೋ ತೆಗೆದ.